ಕ್ಯಾಮ್‌ಶಾಫ್ಟ್ ಮಾರುವವರ ನಾಲ್ಕು ಮಾತಿಗೆ ಉತ್ತರ

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ದುಡಿಯುವ ಹಳೆಯ ಎಚ್‌ಎಂಟಿ ಟ್ರ್ಯಾಕ್ಟರಿಗೆ ಹಾಕಿದ ಹೊಸ ಲೋಕಲ್ ಕ್ಯಾಮ್‌ಶಾಫ್ಟ್ ಒಂದೇ ಹಂಗಾಮಿನಲ್ಲಿ ಸವೆದರೆ ತಪ್ಪು ಯಾರದು? ವಿಜಯಪುರದಲ್ಲಿ ಅದನ್ನು ಮಾರಿದವರ ಬಳಿ ನಾಲ್ಕು ಉತ್ತರಗಳಿವೆ. ಒಂದೊಂದನ್ನೇ ತೂಗೋಣ, ತೀರ್ಪು ಓದುಗರದು.

ಮೊದಲನೆಯದು: ‘ಇದು ಕಂಪನಿ ಮಾಲಿನಷ್ಟೇ ಗಟ್ಟಿ.’ ಗಟ್ಟಿತನ ಬಾಯಿಮಾತಲ್ಲ, ಅಳೆಯುವ ಗುಣ. ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ 1000 ಸುತ್ತು ತಿರುಗುತ್ತದೆ. ಅದರ ಒಂದೊಂದು ಉಬ್ಬೂ ಗಂಟೆಗೆ 60,000 ಸಲ ಟ್ಯಾಪೆಟ್ ಎತ್ತುತ್ತದೆ. ಇದನ್ನು ತಾಳಲು ಉಬ್ಬಿನ ಮೇಲ್ಮೈಗೆ ಸರಿಯಾದ ಹದ ಬೇಕು. ಹದವಿದ್ದರೆ ಅದರ ಮೇಲೆ ಎಳೆದ ಅರ ಜಾರುತ್ತದೆ, ಇಲ್ಲದಿದ್ದರೆ ಕಚ್ಚುತ್ತದೆ. ಮಾರುವ ಮುನ್ನ ಉಬ್ಬಿನ ಅಂಚಿಗೆ ಅರ ಎಳೆದು ತೋರಿಸಲು ಇವರು ಒಪ್ಪುವುದಿಲ್ಲ. ಡಬ್ಬಿಯ ಮೇಲೆ ಗಡಸುತನದ ಅಂಕಿಯೂ ಇಲ್ಲ. ಅಳೆಯದೆ ‘ಅಷ್ಟೇ’ ಎಂದದ್ದು ಯಾವ ಆಧಾರದ ಮೇಲೆ?

ಎರಡನೆಯದು: ‘ಈಗಿನ ಆಯಿಲ್‌ನಲ್ಲಿ ಜಿಂಕ್ ಕಡಿಮೆ, ಅದಕ್ಕೇ ಸವೆಯುತ್ತದೆ.’ ಇದು ಕಾರಿನ ಕಥೆ. ಜಿಂಕ್ ಜೊತೆ ಬರುವ ರಂಜಕದ ಮಿತಿ ಇನ್ನಷ್ಟು ಬಿಗಿಯಾದದ್ದು 2004ರ ಎಸ್‌ಎಂ ದರ್ಜೆಯ ತೆಳು ಪೆಟ್ರೋಲ್ ಆಯಿಲ್‌ಗಳಲ್ಲಿ. ಕಾರಿನ ಹೊಗೆ ಶುದ್ಧಿಮಾಡುವ ಕನ್ವರ್ಟರ್ ಕೆಡದಿರಲೆಂದು. ಟ್ರ್ಯಾಕ್ಟರಿಗೆ ಸುರಿಯುವ ಸಿಎಫ್-4, ಸಿಐ-4 ಡೀಸೆಲ್ ಆಯಿಲ್‌ಗೆ ಆ ಮಿತಿ ಇಲ್ಲ. ಇಂಥದೇ ಆಯಿಲ್‌ನಲ್ಲಿ ಹಳೆಯ ಶಾಫ್ಟ್ ವರ್ಷಗಟ್ಟಲೆ ಓಡಿತ್ತಲ್ಲ?

ಮೂರನೆಯದು: ‘ಮಿಸ್ತ್ರಿ ಹಳೆಯ ಟ್ಯಾಪೆಟ್ಟನ್ನೇ ಹಾಕಿದ.’ ಹಳೆಯ ಟ್ಯಾಪೆಟ್ ಹೊಸ ಕ್ಯಾಮನ್ನು ತಿನ್ನುತ್ತದೆ, ನಿಜ. ಟ್ಯಾಪೆಟ್ಟಿನ ತಳ ತುಸು ಉಬ್ಬಿದ್ದರೆ ಅದು ತನ್ನಷ್ಟಕ್ಕೆ ತಿರುಗುತ್ತ ಸವೆತವನ್ನು ಹಂಚಿಕೊಳ್ಳುತ್ತದೆ. ತಳ ಸವೆದರೆ ನಿಂತಲ್ಲೇ ಉಜ್ಜುತ್ತದೆ. ಇಷ್ಟು ಗೊತ್ತಿದ್ದವರು ಮಾರುವಾಗ ಏಕೆ ಹೇಳಲಿಲ್ಲ? ಡಬ್ಬಿಯಲ್ಲಿ ಒಂದು ಚೀಟಿ ಏಕಿಲ್ಲ? ಟ್ಯಾಪೆಟ್ ಬದಲಿಸಿದ ರೈತನಿಗೂ ಮಾಲು ವಾಪಸ್ ಇಲ್ಲ ಎಂಬ ಉತ್ತರವೇ ಸಿಗುವುದಾದರೆ, ಟ್ಯಾಪೆಟ್ ಬರೀ ನೆಪ.

ನಾಲ್ಕನೆಯದು: ‘ಕಂಪನಿಯೇ ಮುಚ್ಚಿದೆ, ಈ ಬೆಲೆಗೆ ಇನ್ನೇನು ಸಿಗುತ್ತದೆ?’ ಎಚ್‌ಎಂಟಿಯ ಪಿಂಜೋರ್ ಟ್ರ್ಯಾಕ್ಟರ್ ಘಟಕ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು, ಸರಿ. ಬೇರೆ ದಾರಿ ಇಲ್ಲದವನಿಗೆ ಮಾರುವವನ ಹೊಣೆ ಹೆಚ್ಚುತ್ತದೆ, ಇಳಿಯುವುದಿಲ್ಲ. ಮೊದಲ ಮಾತಿನಲ್ಲಿ ಕಂಪನಿ ಮಾಲಿಗೆ ಸಮನಾಗಿದ್ದದ್ದು ಇಲ್ಲಿ ಬೆಲೆಗೆ ತಕ್ಕ ಕಳಪೆಯಾಯಿತು. ಎರಡೂ ಒಟ್ಟಿಗೆ ನಿಜವಾಗಲಾರವು. ಬೆಲೆಯ ಲೆಕ್ಕವೂ ಸುಳ್ಳು. ಎಂಜಿನ್ ಮತ್ತೆ ಬಿಚ್ಚುವ ಕೂಲಿ, ಗ್ಯಾಸ್ಕೆಟ್, ಆಯಿಲ್ ರೈತನದೇ. ಅಕ್ಟೋಬರ್ ಚಾಟನಿಯ ನಂತರ ಮೋಡ ಕವಿದಾಗ ಬ್ಲೋವರ್ ನಿಂತು ಔಷಧಿ ತಪ್ಪಿದರೆ, ಡೌನಿ ರೋಗಕ್ಕೆ ಹೋದ ಗೊನೆ ತಿರುಗಿ ಬಾರದು.

ಕೇಳುವುದು ಮೂರೇ: ಡಬ್ಬಿಯ ಮೇಲೆ ತಯಾರಕರ ಹೆಸರು ಮತ್ತು ಗಡಸುತನದ ಅಂಕಿ, ಒಳಗೆ ಟ್ಯಾಪೆಟ್ ಬಗ್ಗೆ ಸೂಚನೆ, ಕೈಗೆ ಬಿಲ್. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ತಮ್ಮ ಮಾಲನ್ನು ತಾವು ನಂಬುವವರಿಗೆ ಇಷ್ಟನ್ನು ಬರೆದುಕೊಡುವುದು ಭಾರವಾಗದು.