ರುಬೆಲ್ಲಾ: ಲಸಿಕೆಯ ಲೆಕ್ಕದಲ್ಲಿ ತಪ್ಪಿಹೋದ ನಮ್ಮ ಹೆಣ್ಣುಮಕ್ಕಳು

ದಡಾರ ಮತ್ತು ರುಬೆಲ್ಲಾ ರೋಗಗಳನ್ನು ನಿರ್ಮೂಲಗೊಳಿಸಲು ಕೇಂದ್ರ ಸರಕಾರ 2025ರ ಏಪ್ರಿಲ್‌ನಲ್ಲಿ ಅಭಿಯಾನವೊಂದನ್ನು ಆರಂಭಿಸಿ, 2026ರ ಗಡುವನ್ನು ಹಾಕಿಕೊಂಡಿತು. ತಳೇಗಾಂವ ದಾಭಾಡೆಯಲ್ಲಿ ನೆಲೆಸಿರುವ ನಾವು ಇದನ್ನು ಹಸುಗೂಸುಗಳ ಚುಚ್ಚುಮದ್ದಿನ ವಿಷಯವೆಂದಷ್ಟೇ ಭಾವಿಸುತ್ತೇವೆ. ಆದರೆ ಮದುವೆಯ ವಯಸ್ಸಿಗೆ ಬಂದ ನಮ್ಮ ಹೆಣ್ಣುಮಕ್ಕಳಿಗೂ ಇದಕ್ಕೂ ನೇರ ಸಂಬಂಧವಿದೆ.

ರುಬೆಲ್ಲಾ ಸ್ವತಃ ಸೌಮ್ಯವಾದ ಕಾಯಿಲೆ. ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಗುಳ್ಳೆ. ಎಷ್ಟೋ ಜನರಿಗೆ ಬಂದುಹೋದದ್ದೇ ತಿಳಿಯುವುದಿಲ್ಲ. ಗರ್ಭಿಣಿಗೆ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಮಾತ್ರ ವೈರಾಣು ಭ್ರೂಣವನ್ನು ಹೊಕ್ಕು ಅನಾಹುತವೆಸಗುತ್ತದೆ. ಕಣ್ಣಿನ ಪೊರೆ, ಕಿವುಡುತನ, ಹೃದಯದ ದೋಷಗಳೊಡನೆ ಮಗು ಹುಟ್ಟಬಹುದು. ನಡಿಗೆ, ಮಾತು, ಕಲಿಕೆಗಳೆಲ್ಲ ಹಿಂದುಳಿಯಬಹುದು. ಇದೇ ಜನ್ಮಜಾತ ರುಬೆಲ್ಲಾ ಸಿಂಡ್ರೋಮ್. ಆಸ್ಟ್ರೇಲಿಯದ ನೇತ್ರವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ಈ ನಂಟನ್ನು ಗುರುತಿಸಿದರು. 1964-65ರ ಸಾಂಕ್ರಾಮಿಕದ ಫಲವಾಗಿ ಅಮೆರಿಕದಲ್ಲಿ ಸುಮಾರು 20,000 ಶಿಶುಗಳು ಈ ದೋಷದೊಡನೆ ಜನಿಸಿದವು. ಪೊರೆಗೆ, ಹೃದಯಕ್ಕೆ ಶಸ್ತ್ರಚಿಕಿತ್ಸೆಯುಂಟು, ಕಿವಿಗೆ ಶ್ರವಣಸಾಧನವುಂಟು; ಆದ ಹಾನಿಯನ್ನು ಅಳಿಸುವ ಔಷಧ ಮಾತ್ರ ಇಲ್ಲ. ಇರುವುದು ತಡೆಯುವ ಲಸಿಕೆ. ಅದನ್ನು ತಯಾರಿಸುವ ಸೀರಮ್ ಇನ್‌ಸ್ಟಿಟ್ಯೂಟ್ ನಮ್ಮ ಪುಣೆಯಲ್ಲಿಯೇ ಇದೆ.

ಇಲ್ಲಿ ವರ್ಷಗಳ ಲೆಕ್ಕವನ್ನು ಗಮನಿಸಬೇಕು. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ನೀಡುವ ಅಭಿಯಾನ ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದಲ್ಲಿ 2018ರ ನವೆಂಬರ್‌ನಲ್ಲಿ ನಡೆಯಿತು. ಆಗಲೇ ಹದಿನೈದು ತುಂಬಿದ್ದವರು, ಅಂದರೆ ಅಲ್ಲಿ 2002ರ ಆರಂಭಕ್ಕೂ ಇಲ್ಲಿ 2003ರ ಕೊನೆಗೂ ಮೊದಲು ಹುಟ್ಟಿದವರು, ಅಭಿಯಾನದ ಹೊರಗುಳಿದರು. ಇಂದು ಮದುವೆಯಾಗುತ್ತಿರುವವರಲ್ಲಿ ಬಹುಪಾಲು ಇವರೇ. ಇನ್ನೊಂದು ಸೂಕ್ಷ್ಮವಿದೆ. ಈ ಎರಡು ಅಭಿಯಾನಗಳ ನಡುವೆ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ವರ್ಗವಾಗಿ ಹೋದ ಮನೆಗಳ ಮಕ್ಕಳಿಗೆ ಎರಡೂ ಕೈತಪ್ಪಿರಬಹುದು. ವರ್ಗಾವಣೆಯನ್ನೇ ಬದುಕಾಗಿಸಿಕೊಂಡ ಬ್ಯಾಂಕು, ರೈಲ್ವೆಯ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಚಿಕ್ಕಂದಿನಲ್ಲಿ ಖಾಸಗಿ ವೈದ್ಯರಲ್ಲಿ ಎಂಎಂಆರ್ ಲಸಿಕೆ ಹಾಕಿಸಿದವರಿಗೆ ಈ ಆತಂಕ ಬೇಡ. ಹಳೆಯ ಲಸಿಕಾ ಪುಸ್ತಿಕೆ ದೊರೆಯದಿದ್ದರೆ ವೈದ್ಯರನ್ನು ಕಾಣುವುದೇ ಲೇಸು. ರಕ್ತಪರೀಕ್ಷೆಯಿಂದ ರಕ್ಷಣೆ ಇದೆಯೇ ಎಂದು ತಿಳಿಯುತ್ತದೆ. ಗರ್ಭಿಣಿಯರಿಗೆ ಈ ಲಸಿಕೆ ಸಲ್ಲದು, ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕು. ಆದುದರಿಂದ ಮದುವೆಗೆ ಮೊದಲೇ ಈ ಕೆಲಸ ಮುಗಿಯಲಿ. ಜಾತಕ ಹುಡುಕುವಾಗ ಅದೇ ಪೆಟ್ಟಿಗೆಯಲ್ಲಿ ಲಸಿಕಾ ಪುಸ್ತಿಕೆಯನ್ನೂ ಹುಡುಕೋಣ.