ಹತ್ತನೆಯವನು ಎಲ್ಲಿ?

ಮೈಸೂರು ರಸ್ತೆಯಲ್ಲಿ ಯಹೂದ್ಯರ ಸ್ಮಶಾನವೊಂದು ಇದೆಯೆಂಬುದು ಜಯನಗರ, ಬನಶಂಕರಿಗಳ ನಮ್ಮ ವಾಚಕರಲ್ಲಿ ಬಹುಮಂದಿಗೆ ತಿಳಿದಿರಲಾರದು. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಆ ಭೂಮಿಯನ್ನು ದಯಪಾಲಿಸಿದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ರೂಬಿನ್ ಮೋಸೆಸ್ ಎಂಬ ಯಹೂದಿ ವರ್ತಕರ ಮಳಿಗೆ ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತು; ಊರಿನ ಯಹೂದ್ಯರು ಆ ಕುಟುಂಬದ ಆಶ್ರಯದಲ್ಲಿಯೇ ಪ್ರಾರ್ಥನೆಗೆ ಸೇರುತ್ತಿದ್ದರು. ಅವರ ಪ್ರಾರ್ಥನಾಮಂದಿರವಾದ ಸಿನಗಾಗ್ ಬೆಂಗಳೂರಿನಲ್ಲಿ ಇಂದಿಗೂ ಇಲ್ಲ. ಇಷ್ಟು ಸಣ್ಣ ಸಮುದಾಯದ ಕೂಟಕ್ಕೆ ಇಂದು ಒಬ್ಬ ಯಹೂದಿ ತರುಣನು ಏಕೆ ಹೋಗಬೇಕು, ಹೋಗದಿದ್ದರೆ ಯಾರಿಗೇನು ನಷ್ಟವೆಂಬ ಪ್ರಶ್ನೆ ಮೇಲ್ನೋಟಕ್ಕೆ ಅವರ ಮನೆಯ ಮಾತಾಗಿ ಕಂಡರೂ ನಾವು ಯೋಚಿಸಬೇಕಾದ ವಿಷಯವೆಂದು ಭಾವಿಸುತ್ತೇವೆ.

ಹಿಂದಿನವರಿಗೆ ಈ ಪ್ರಶ್ನೆಯೇ ಇರಲಿಲ್ಲ. ಕೊಂಕಣತೀರದ ಬೆನೆ ಇಸ್ರೇಲರು ಎಣ್ಣೆಯ ಗಾಣವನ್ನು ನಡೆಸುತ್ತಿದ್ದರು. ಶನಿವಾರ ಗಾಣವನ್ನು ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ಗಳೆಂದು ಕರೆದರು. ಗಾಣ ತಿರುಗಿದರೆ ಊರಿಗೆಲ್ಲ ಕೇಳಿಸುವುದು. ನಿಂತರೂ ಊರಿಗೆಲ್ಲ ತಿಳಿಯುವುದು. ಜೆ.ಪಿ. ನಗರದ ವಠಾರವೊಂದರಲ್ಲಿ ವಾಸಿಸುತ್ತ, ಹಗಲಿರುಳು ಕಂಪ್ಯೂಟರಿನ ಮುಂದೆ ದುಡಿಯುವವನ ಸ್ಥಿತಿ ಹಾಗಲ್ಲ. ಅವನು ಶನಿವಾರ ಏನು ಮಾಡಿದನೆಂದು ಕೇಳುವವರಿಲ್ಲ. ಸಬ್ಬತ್ತಿನ ದಿನ ವಾಹನವನ್ನು ಏರಬಾರದೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವವನಾದರೆ, ನಗರದ ಇನ್ನೊಂದು ತುದಿಯಲ್ಲಿರುವ ಸ್ವಮತಸ್ಥರ ಮನೆಗೆ ನಡೆದು ಹೋಗುವುದು ಅಸಾಧ್ಯಪ್ರಾಯವೇ ಸರಿ. ಹುಟ್ಟಿನಿಂದ ಬರುತ್ತಿದ್ದುದು ಈಗ ಸಂಕಲ್ಪದಿಂದ ಬರಬೇಕಾಗಿದೆ. ಅದೂ ವಾರವಾರವೂ ಹೊಸದಾಗಿ.

ಮತವು ಅವರವರ ಮನಸ್ಸಿನ ವಿಷಯ, ಮನೆಯಲ್ಲಿಯೇ ಪ್ರಾರ್ಥಿಸಿದರೆ ಸಾಲದೆ ಎಂದು ಕೇಳುವವರುಂಟು. ಇತರ ಮತಗಳಿಗೆ ಈ ವಾದ ಒಪ್ಪೀತು. ಯಹೂದಿ ಮತಕ್ಕೆ ಪೂರ್ಣವಾಗಿ ಒಪ್ಪದು. ಹದಿಮೂರು ವರ್ಷ ತುಂಬಿದ ಹತ್ತು ಮಂದಿ ಪುರುಷರು ಸೇರಿದಲ್ಲದೆ ಸಾಮೂಹಿಕ ಪ್ರಾರ್ಥನೆ ನಡೆಯದೆಂಬುದು ಅವರ ಸಂಪ್ರದಾಯ. ಸುಧಾರಕ ಪಂಥದವರು ಸ್ತ್ರೀಯರನ್ನೂ ಎಣಿಸುತ್ತಾರೆ. ತಂದೆ ತೀರಿಕೊಂಡಾಗ ಮಗನು ಹೇಳತಕ್ಕ ‘ಕದ್ದೀಶ್’ ಪ್ರಾರ್ಥನೆಗೂ ಈ ಗಣಪೂರ್ತಿ ಅವಶ್ಯಕ. ಒಬ್ಬನು ತಪ್ಪಿದರೆ ಉಳಿದ ಒಂಬತ್ತು ಮಂದಿಯ ಕೂಟವೂ ಕೆಟ್ಟಂತೆಯೇ. ನಮ್ಮ ವೇದಾಂತಿಗಳು ಹೇಳುವ ದಶಮನ ದೃಷ್ಟಾಂತ ವಾಚಕರಿಗೆ ನೆನಪಾಗಬಹುದು: ಹೊಳೆ ದಾಟಿದ ಹತ್ತು ಮಂದಿ ತಮ್ಮನ್ನು ತಾವು ಎಣಿಸಿಕೊಳ್ಳದೆ, ಹತ್ತನೆಯವನು ಮುಳುಗಿದನೆಂದು ಅತ್ತರಂತೆ. ಅಲ್ಲಿ ಹತ್ತನೆಯವನು ದಡದಲ್ಲಿಯೇ ಇದ್ದನು. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗಿನಲ್ಲಿ ಪ್ರವಾಸಿಗಳು ಬಂದು ಸೇರಿದಲ್ಲದೆ ಇಂದು ಹತ್ತು ಮಂದಿ ಕೂಡುವುದಿಲ್ಲ. (ಚಂದಾ ಕೊಟ್ಟು ರಸೀದಿ ಪಡೆದು ಮನೆಗೆ ಹೋಗುವ ಸದಸ್ಯರಿಂದ ತುಂಬಿದ ನಮ್ಮ ಬಡಾವಣೆಯ ಸಂಘಗಳಿಗೆ ಇಂಥ ನಿಯಮವಿದ್ದಿದ್ದರೆ ಎಷ್ಟು ಉಳಿಯುತ್ತಿದ್ದವೋ!)

ಸ್ವಾತಂತ್ರ್ಯ ಬಂದಾಗ ಇಪ್ಪತ್ತು ಸಾವಿರಕ್ಕೂ ಮೀರಿದ್ದ ಭಾರತದ ಯಹೂದ್ಯರು 2011ರ ಜನಗಣತಿಯ ವೇಳೆಗೆ ಐದು ಸಾವಿರಕ್ಕೂ ಕಡಮೆಯಾದರು. ಇವರನ್ನು ಓಡಿಸಿದವರು ಯಾರೂ ಇಲ್ಲ. 1948ರಲ್ಲಿ ಇಸ್ರೇಲ್ ರಾಜ್ಯವಾದ ಮೇಲೆ ತಾವಾಗಿಯೇ ಹೋದರು. ಹೋದವರಿಗೆ ಅಲ್ಲಿ ಸುಖವೇ ಕಾದಿತ್ತೆಂದು ತಿಳಿಯಬಾರದು. 1962ರಲ್ಲಿ ಅಲ್ಲಿಯ ಮತಾಧಿಕಾರಿಗಳು, ಬೆನೆ ಇಸ್ರೇಲರನ್ನು ವಿವಾಹವಾಗುವುದಕ್ಕೆ ಮೊದಲು ಅವರ ವಂಶವನ್ನು ವಿಚಾರಿಸಬೇಕೆಂದು ಕಟ್ಟಳೆ ಮಾಡಿದರು. ಬೆನೆ ಇಸ್ರೇಲರು ಹೋರಾಡಿದರು. 1964ರಲ್ಲಿ ಆ ಕಟ್ಟಳೆಯು ಬಿದ್ದುಹೋಯಿತು.

ಇದಕ್ಕೂ ಹಿರಿದಾದ ಉದಾಹರಣೆಯು ಕೊಚ್ಚಿಯ ವಕೀಲರಾದ ಅಬ್ರಹಾಂ ಬರಾಕ್ ಸೇಲಂ ಅವರದು. ದಾಸ್ಯದಿಂದ ಬಿಡುಗಡೆ ಹೊಂದಿದವರ ವಂಶಸ್ಥರೆಂಬ ಕಾರಣದಿಂದ ಅವರ ಕುಲದವರನ್ನು ಪರದೇಶಿ ಸಿನಗಾಗಿನಲ್ಲಿ ಸಮಾನರಾಗಿ ಕೂರಗೊಡುತ್ತಿರಲಿಲ್ಲ. ಭೇದವು ನಮ್ಮ ನೆಲದ ಗಾಳಿಯಲ್ಲಿಯೇ ಇದೆಯಷ್ಟೆ. ಯಹೂದ್ಯರೂ ಅದನ್ನು ಉಸಿರಾಡಿದರು. 1929ರ ಲಾಹೋರ್ ಕಾಂಗ್ರೆಸ್ಸಿಗೆ ಹೋಗಿಬಂದ ಸೇಲಮರು ಗಾಂಧೀಜಿಯವರ ಸತ್ಯಾಗ್ರಹವನ್ನು ತಮ್ಮ ಮಂದಿರದೊಳಕ್ಕೇ ಒಯ್ದರು. ಅವಮಾನಗೊಂಡ ಮಂದಿರವನ್ನು ಬಿಟ್ಟುಬಿಡುವುದು ಅವರಿಗೆ ಸುಲಭವಾಗಿತ್ತು. ಬಿಡಲಿಲ್ಲ. ಕ್ರಮೇಣ ನಿರ್ಬಂಧಗಳು ಸಡಿಲಿದವು. ಜನ ಅವರನ್ನು ‘ಯಹೂದಿ ಗಾಂಧಿ’ ಎಂದು ಕರೆದರು. 1967ರಲ್ಲಿ ಅವರು ತೀರಿಕೊಂಡರು. ಸಮುದಾಯಕ್ಕೆ ಸೇರುವುದೆಂದರೆ ಅದರ ಲೋಪಗಳಿಗೆ ತಲೆದೂಗುವುದೆಂದು ತಿಳಿದು ದೂರ ನಿಲ್ಲುವ ಸುಶಿಕ್ಷಿತರು ಈ ಚರಿತ್ರೆಯನ್ನು ಗಮನಿಸಲಿ.

ಇಂದು ಮತ್ತೊಂದು ಹೊರೆಯೂ ಸೇರಿದೆ. 2008ರ ನವೆಂಬರಿನಲ್ಲಿ ಮುಂಬಯಿಯ ನಾರಿಮನ್ ಹೌಸ್‌ನಲ್ಲಿ ಯಹೂದ್ಯರನ್ನು ಯಹೂದ್ಯರೆಂಬ ಕಾರಣಕ್ಕಾಗಿಯೇ ಕೊಂದರು. 2023ರ ಅಕ್ಟೋಬರಿನಲ್ಲಿ ಇಸ್ರೇಲಿನ ಮೇಲೆ ನಡೆದ ದಾಳಿ ಮತ್ತು ಅದರ ಬೆನ್ನಿಗೆ ಗಾಜಾದಲ್ಲಿ ನಡೆದ ಯುದ್ಧಗಳಿಂದ ಜಗತ್ತಿನ ಎಲ್ಲೆಡೆ ಸಿನಗಾಗಿನ ಬಾಗಿಲಲ್ಲಿ ಕಾವಲು ಹೆಚ್ಚಿತು. ಆ ಯುದ್ಧದ ವಿಷಯದಲ್ಲಿ ನಮ್ಮ ವಾಚಕರಿಗೆ ಭಿನ್ನಾಭಿಪ್ರಾಯಗಳಿರುವುದು ಸಹಜ. ಆದರೆ ಬಿ.ಟಿ.ಎಂ. ಬಡಾವಣೆಯಲ್ಲಿ ಹಬ್ಬದ ದೀಪವನ್ನು ಹಚ್ಚುವ ಮುಂಬಯಿಯ ಬೆನೆ ಇಸ್ರೇಲನೊಬ್ಬನನ್ನು ತಡೆದು, ಇಸ್ರೇಲ್ ಸರ್ಕಾರದ ಕೃತ್ಯಗಳಿಗೆ ಉತ್ತರ ಹೇಳೆಂದು ಕೇಳುವ ಅಧಿಕಾರ ಯಾರಿಗೂ ಇಲ್ಲ. ಅವನನ್ನು ಹೊಗಳಿಕೆಯಿಂದ ಆ ಸರ್ಕಾರದ ಪ್ರತಿನಿಧಿಯನ್ನಾಗಿ ಮಾಡುವುದೂ ಅಷ್ಟೇ ಅನುಚಿತ. 1971ರ ಢಾಕಾ ವಿಜಯದಲ್ಲಿ ಪಾತ್ರ ವಹಿಸಿದ ಜನರಲ್ ಜೇಕಬ್ ಅವರು 2016ರಲ್ಲಿ ದೆಹಲಿಯ ಯಹೂದಿ ಸ್ಮಶಾನದಲ್ಲಿ ಮಣ್ಣಾದರು. ಅವರು ಯಾವ ದೇಶದವರೆಂದು ಯಾರೂ ಕೇಳಲಿಲ್ಲ.

ಮಹಾರಾಷ್ಟ್ರವು 2016ರಲ್ಲಿಯೂ ಗುಜರಾತು 2018ರಲ್ಲಿಯೂ ಯಹೂದ್ಯರನ್ನು ಅಲ್ಪಸಂಖ್ಯಾತರೆಂದು ಮಾನ್ಯ ಮಾಡಿವೆ. ಕೇಂದ್ರದ ಪಟ್ಟಿಯಲ್ಲಿ ಆರು ಮತಗಳಿವೆ, ಇವರದಿಲ್ಲ. ಪಟ್ಟಿಗೆ ಸೇರಿಸಬೇಕೆಂಬುದು ನ್ಯಾಯವಾದ ಬೇಡಿಕೆಯೇ. ಆದರೆ ಸರ್ಕಾರದ ಗೆಜೆಟ್ಟು ಹತ್ತನೆಯವನನ್ನು ಕರೆತರಲಾರದು. ಬೆನೆ ಇಸ್ರೇಲರಿಗೆ ಮಲಿದಾ ಎಂಬ ವಿಧಿಯಿದೆ: ಎಲಿಯಾ ಪ್ರವಾದಿಯನ್ನು ನೆನೆದು ಅವಲಕ್ಕಿ, ತೆಂಗಿನಕಾಯಿ, ಸಕ್ಕರೆ, ಹಣ್ಣುಗಳನ್ನು ತಟ್ಟೆಯಲ್ಲಿಟ್ಟು ಪ್ರಾರ್ಥಿಸಿ ಹಂಚುತ್ತಾರೆ. ಅದಕ್ಕೆ ಸಿನಗಾಗ್ ಬೇಕಿಲ್ಲ. ಒಂದು ಮನೆಯ ನಡುಮನೆ ಸಾಕು. ದಕ್ಷಿಣ ಬೆಂಗಳೂರಿನಲ್ಲಿ ಚದರಿರುವವರು ಮೊದಲು ಅಲ್ಲಿಂದ ಆರಂಭಿಸಬಹುದು. ಕಂಪೆನಿಗಳ ಯಜಮಾನರು ಯೋಮ್ ಕಿಪ್ಪೂರಿನ ಉಪವಾಸದ ದಿನ ಕೇಳಿದವರಿಗೆ ರಜೆಯನ್ನು ಕೊಡಲಿ. ಬಾಡಿಗೆಗೆ ಮನೆ ಕೊಟ್ಟ ನಮ್ಮವರು, ಶುಕ್ರವಾರ ಸಂಜೆ ಹತ್ತು ಜೊತೆ ಚಪ್ಪಲಿ ಬಾಗಿಲಲ್ಲಿ ಕಂಡರೆ ಗೊಣಗದಿರಲಿ.