ಮಕ್ಕಳ ಪುಸ್ತಕಕ್ಕೂ ನಿಜವಾದ ವಿಮರ್ಶೆ ಬೇಕು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆ ಮಕ್ಕಳ ಸಾಹಿತ್ಯಕ್ಕೆಂದೇ ಒಂದು ಅಂಕಣ ಮೀಸಲಿಟ್ಟಿರುವುದು ಸಂತೋಷದ ಸಂಗತಿ. ಅದರ ಸಂಪಾದನೆಯ ಕುರಿತು ನಾಲ್ಕು ಮಾತು.

ದೊಡ್ಡವರ ಕಾದಂಬರಿಯನ್ನು ಎಳೆಎಳೆಯಾಗಿ ಬಿಡಿಸಿ ನೋಡುವ ವಿಮರ್ಶಕರು ಮಕ್ಕಳ ಪುಸ್ತಕವಾದರೆ ‘ನೀತಿಬೋಧಕ, ಮನರಂಜಕ’ ಎಂದು ಬರೆದು ಮುಗಿಸಿಬಿಡುತ್ತಾರೆ. ಅದು ಯಾವ ವಯಸ್ಸಿನವರಿಗೆ, ಅಕ್ಷರದ ಗಾತ್ರ ಹೇಗಿದೆ, ಚಿತ್ರ ಬರೆದವರು ಯಾರು ಎಂಬುದೇ ತಿಳಿಯುವುದಿಲ್ಲ. ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಐದನೇ ತರಗತಿಯ ಮಕ್ಕಳು ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಹಾಳೆ ತಿರುವಿ ಚಿತ್ರ ನೋಡುತ್ತಾರೆ, ಆಮೇಲೆ ಕೊನೆಯ ಪುಟದ ಸಂಖ್ಯೆ ನೋಡುತ್ತಾರೆ. ಓದು ಅದರ ನಂತರ.

ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ, ಶಿವರಾಮ ಕಾರಂತರು ಮಕ್ಕಳಿಗಾಗಿ ಬರೆಯುವುದನ್ನು ಕಿರಿದೆಂದು ಎಣಿಸಲಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಮೊದಲ ವರ್ಷ ಕನ್ನಡಕ್ಕೆ ಅದನ್ನು ತಂದವರು ಬೊಳುವಾರು ಮಹಮದ್ ಕುಂಞಿ. 2022ರಲ್ಲಿ ಅದು ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ ಸಂದಿತು. ಒಳ್ಳೆಯ ಪುಸ್ತಕ ಪ್ರಶಸ್ತಿ ಬರುವ ಮೊದಲೇ ಓದುಗರ ಕಣ್ಣಿಗೆ ಬೀಳಬೇಕು. ಆ ಕೆಲಸ ಇಂಥ ಅಂಕಣದ್ದೇ.

ಪ್ರತಿ ಪರಿಚಯದ ಕೆಳಗೆ ವಯೋಮಾನ, ಚಿತ್ರಕಾರರ ಹೆಸರು, ಬೆಲೆ, ಪುಸ್ತಕ ಸಿಗುವ ಜಾಗ ಕೊಡಿ. ಪುಸ್ತಕ ಸೋತಿದ್ದರೆ ಸೋತಿದೆ ಎಂದೇ ಬರೆಸಿ. ಹದಿಹರೆಯದವರಿಗೆ ಬಂದ ಕಾದಂಬರಿಗಳನ್ನು ಶಿಶುಗೀತೆಗಳ ಜೊತೆ ಒಂದೇ ಕಂತೆಗೆ ಕಟ್ಟಬೇಡಿ. ತಿಂಗಳಿಗೊಂದಾದರೂ ಅಭಿಪ್ರಾಯ ಮಕ್ಕಳದೇ ಇರಲಿ, ಅವರ ವಾಕ್ಯಗಳನ್ನು ತಿದ್ದಿ ದೊಡ್ಡವರ ಭಾಷೆ ಮಾಡದೆ ಅಚ್ಚು ಹಾಕಿ.

ಇಷ್ಟನ್ನು ಮುಂದಿನ ಸಂಚಿಕೆಯಿಂದಲೇ ಆರಂಭಿಸಬೇಕೆಂದು ವಿನಂತಿ.

– ಗ್ರಂಥಾಲಯ ನೋಡಿಕೊಳ್ಳುವ ಒಬ್ಬ ಶಿಕ್ಷಕಿ, ಧಾರವಾಡ